ಮಾವನ ಪ್ಲಾಸ್ಮಾ ಟಿವಿ ಮತ್ತು ಅಂಗಡಿಯ ಟ್ಯೂಬ್‌ಲೈಟು

ಹೋದ ತಿಂಗಳು ಶಿವಮೊಗ್ಗದಿಂದ ಮಾವ ಫೋನ್ ಮಾಡಿದ್ದರು. ಮಳೆ, ಅಡಿಕೆ ರೇಟು, ಯಾರ ಮದುವೆ ಎಲ್ಲಾ ಮುಗಿದ ಮೇಲೆ ವಿಷಯಕ್ಕೆ ಬಂದರು. "ಹೊಸ ಟಿವಿ ತಗೋಬೇಕು ಮಾರಾಯ. ಅಂಗಡಿಯವ ಒಂದ್ಸಲ ಓಎಲ್ಇಡಿ ಅಂತಾನೆ, ಒಂದ್ಸಲ ಕ್ಯೂಎಲ್ಇಡಿ ಅಂತಾನೆ, ಆಮೇಲೆ ಮಿನಿ ಎಲ್ಇಡಿ ಅಂತಾನೆ. ನೀನು ಇಂಜಿನಿಯರ್ ಅಲ್ವನೋ, ಯಾವ್ದು ಅಂತ ಹೇಳು. ಈ ಸಲನೂ ಬೇಸ್ತು ಬೀಳೋದು ಬೇಡ."

ಸಾಫ್ಟ್‌ವೇರ್ ಇಂಜಿನಿಯರ್ ಅಂದಮೇಲೆ ಟಿವಿ, ಪ್ರಿಂಟರ್, ಇನ್ವರ್ಟರ್, ಮಿಕ್ಸಿ ಎಲ್ಲದರ ಬಗ್ಗೆಯೂ ಗೊತ್ತಿರಬೇಕು ಅನ್ನೋದು ನಮ್ಮ ಕಡೆಯ ನಂಬಿಕೆ :-) ಅದಿರಲಿ. ನನ್ನನ್ನು ಚುಚ್ಚಿದ್ದು "ಈ ಸಲನೂ" ಅನ್ನೋ ಮಾತು.

2010ರ ದೀಪಾವಳಿ. ನಾನಾಗ ಎಂಟನೇ ಕ್ಲಾಸು. ಮಾವನ ಜೊತೆ ಟಿವಿ ಅಂಗಡಿಗೆ ಹೋಗಿದ್ದೆ. 42 ಇಂಚಿನ ಎರಡು ಟಿವಿಗಳು ಅಕ್ಕಪಕ್ಕ ಓಡ್ತಾ ಇದ್ದವು. ಎಲ್‌ಸಿಡಿಯಲ್ಲಿ ಎಲೆಗಳು ಗಿಣಿ ಹಸಿರು, ಬಿಳಿ ಅಂದರೆ ನೀಲ ಹಾಕಿ ಒಗೆದ ಪಂಚೆಯ ಬಿಳಿ. ಪಕ್ಕದ ಪ್ಲಾಸ್ಮಾ ಮಂಕಾಗಿ ಕೂತಿತ್ತು, ಅದರ ಗಾಜಿನಲ್ಲಿ ಅಂಗಡಿಯ ಟ್ಯೂಬ್‌ಲೈಟುಗಳೆಲ್ಲ ಸಾಲಾಗಿ ಕಾಣುತ್ತಿದ್ದವು. ಆದರೆ ಬೆಲೆ ಪ್ಲಾಸ್ಮಾದ್ದೇ ಕಡಿಮೆ. ಮಾವ ಚಿಕ್ಕಂದಿನಲ್ಲಿ ಟೆಂಟ್ ಸಿನಿಮಾದಲ್ಲಿ ಗೇಟ್ ಕಾಯ್ದವರು. "ಸಿನಿಮಾ ನೋಡೋದು ಕತ್ತಲಲ್ಲಿ, ಲೈಟ್ ಆರ್ಸಿ ತೋರ್ಸಪ್ಪ" ಅಂದರು. ಹಬ್ಬದ ರಶ್ಶಿನಲ್ಲಿ ಯಾರು ಲೈಟ್ ಆರಿಸ್ತಾರೆ? ಕೊನೆಗೆ ಅಂಗಡಿ ಹುಡುಗ ನಮ್ಮನ್ನು ಹಿಂದಿನ ಗೋಡೌನಿಗೆ ಕರಕೊಂಡು ಹೋಗಿ, ಬಾಗಿಲು ಮುಚ್ಚಿ, ಅಲ್ಲಿದ್ದ ಇನ್ನೊಂದು ಪ್ಲಾಸ್ಮಾ ಹಾಕಿದ. ಮಾವ ಅಲ್ಲೇ ದುಡ್ಡು ಎಣಿಸಿದರು.

ಆಮೇಲೆ ಹತ್ತು ವರ್ಷ ಮನೆಯಲ್ಲಿ ಅದೇ ತಮಾಷೆ. ಎಲ್ಲರೂ ಎಲ್‌ಸಿಡಿ ತಗೊಂಡರೆ ಇವರೊಬ್ಬರು ಮುಳುಗೋ ಹಡಗಿನ ಟಿಕೆಟ್ ತಗೊಂಡರು ಅಂತ. ನಾನೂ ಆ ತಮಾಷೆಗೆ ದನಿಗೂಡಿಸಿದವನೇ. ಈಗ ಮಾವನಿಗೆ ಉತ್ತರ ಹೇಳೋಕೆ ಅಂತ ಈ ಎರಡು ತಂತ್ರಜ್ಞಾನಗಳ ಚರಿತ್ರೆ ಓದುತ್ತಾ ಕೂತಾಗ ನನಗೇ ಸ್ವಲ್ಪ ನಾಚಿಕೆ ಆಯಿತು.

ಪ್ಲಾಸ್ಮಾ ಪರದೆ ಹುಟ್ಟಿದ್ದು ಟಿವಿಗೋಸ್ಕರ ಅಲ್ಲ, ಪಾಠ ಹೇಳಿಕೊಡೋಕೆ! 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲೋಟೊ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಸೇರಿ ಅದನ್ನು ಮಾಡಿದರು. ಅಲ್ಲಿ ಪ್ಲೇಟೋ ಅಂತ ಕಂಪ್ಯೂಟರ್ ಮೂಲಕ ಪಾಠ ಮಾಡುವ ಒಂದು ಯೋಜನೆ ಇತ್ತು. ಪರದೆಯ ಮೇಲಿನ ಚಿತ್ರವನ್ನು ಮತ್ತೆ ಮತ್ತೆ ಬರೆಯುತ್ತಾ ಇರಬೇಕಾದರೆ ಅದನ್ನು ಎಲ್ಲೋ ನೆನಪಿಟ್ಟುಕೊಳ್ಳಬೇಕು, ಆಗಿನ ಕಾಲಕ್ಕೆ ಕಂಪ್ಯೂಟರ್ ಮೆಮೊರಿ ಅಂದರೆ ಬಂಗಾರದ ಬೆಲೆ. ಪ್ಲಾಸ್ಮಾದ ಚಮತ್ಕಾರ ಇರೋದು ಅಲ್ಲೇ. ಎರಡು ಗಾಜುಗಳ ಮಧ್ಯೆ ಪುಟ್ಟ ಪುಟ್ಟ ಗೂಡುಗಳಲ್ಲಿ ಅನಿಲ ತುಂಬಿರುತ್ತೆ. ಒಂದು ಗೂಡನ್ನು ಒಮ್ಮೆ ಹೊತ್ತಿಸಿದರೆ ಸಾಕು, ಸಣ್ಣ ವೋಲ್ಟೇಜಿನಲ್ಲೇ ಅದು ಉರೀತಾ ಇರುತ್ತೆ. ಅಂದರೆ ಪರದೆಯೇ ಮೆಮೊರಿ. 1970ರ ದಶಕದ ಪ್ಲೇಟೋ ಟರ್ಮಿನಲ್ಲುಗಳಲ್ಲಿ 512x512 ಚುಕ್ಕಿಗಳ ಕಿತ್ತಳೆ ಬಣ್ಣದ ಪರದೆ ಇತ್ತು. ಕಿತ್ತಳೆ ಯಾಕೆ ಅಂದರೆ ಒಳಗಿದ್ದದ್ದು ನಿಯಾನ್.

ಬಣ್ಣ ಬರೋಕೆ ಬಹಳ ವರ್ಷ ಹಿಡಿಯಿತು. ಅನಿಲದಿಂದ ನೇರಳಾತೀತ ಕಿರಣ ಹೊರಡಿಸಿ, ಅದು ಕೆಂಪು, ಹಸಿರು, ನೀಲಿ ಫಾಸ್ಫರಿಗೆ ತಗಲುವಂತೆ ಮಾಡಬೇಕಿತ್ತು. ನಮ್ಮ ಮನೆಯ ಟ್ಯೂಬ್‌ಲೈಟ್ ಕೆಲಸ ಮಾಡೋದೂ ಹೀಗೇ ತಾನೆ? ಪ್ಲಾಸ್ಮಾ ಟಿವಿ ಅಂದರೆ ಲಕ್ಷಗಟ್ಟಲೆ ಪುಟಾಣಿ ಟ್ಯೂಬ್‌ಲೈಟುಗಳ ಹಲಗೆ. ಜಪಾನಿನ ಫ್ಯುಜಿತ್ಸುವಿನ ತ್ಸುತಾಏ ಶಿನೋದಾ ಮತ್ತು ಅವರ ತಂಡ 1992ರಲ್ಲಿ 21 ಇಂಚಿನ ಪೂರ್ಣ ಬಣ್ಣದ ಪ್ಲಾಸ್ಮಾ ತಂದಿತು, ಅದಾದ ಕೆಲವೇ ವರ್ಷಗಳಲ್ಲಿ 42 ಇಂಚಿನದ್ದು. ಅಮೆರಿಕದಲ್ಲಿ ಐಬಿಎಂ ತನ್ನ ಪ್ಲಾಸ್ಮಾ ಕಾರ್ಖಾನೆ ಮುಚ್ಚುವಾಗ, ಬಿಟ್ಜರ್ ಅವರ ಕಡೆಯೇ ಕಲಿತಿದ್ದ ಲ್ಯಾರಿ ವೆಬರ್ ಆ ಯಂತ್ರಗಳನ್ನು ಪಡೆದು 1987ರಲ್ಲಿ ಪ್ಲಾಸ್ಮಾಕೋ ಅನ್ನೋ ಕಂಪನಿ ಕಟ್ಟಿದರು. ಪ್ಯಾನಸೋನಿಕ್‌ನ ಮಾಲೀಕ ಸಂಸ್ಥೆ ಮಾತ್ಸುಶಿತಾ 1996ರಲ್ಲಿ ಅದನ್ನು ಕೊಂಡುಕೊಂಡಿತು. 1997ರಲ್ಲಿ ಅಮೆರಿಕದ ಅಂಗಡಿಗೆ ಬಂದ ಫಿಲಿಪ್ಸ್‌ನ 42 ಇಂಚಿನ ಪ್ಲಾಸ್ಮಾದ ಬೆಲೆ ಸುಮಾರು 15 ಸಾವಿರ ಡಾಲರ್.

ಇತ್ತ ಎಲ್‌ಸಿಡಿಯ ಕಥೆ ಇನ್ನೂ ಮಜವಾಗಿದೆ. 1960ರ ದಶಕದಲ್ಲೇ ಆರ್‌ಸಿಎ ಕಂಪನಿಯ ಜಾರ್ಜ್ ಹೈಲ್‌ಮೈಯರ್ ದ್ರವ ಸ್ಫಟಿಕಕ್ಕೆ ವಿದ್ಯುತ್ ಕೊಟ್ಟರೆ ಅದು ಹಾಲಿನಂತೆ ಬೆಳ್ಳಗಾಗೋದನ್ನು ಬಳಸಿ ಪರದೆ ಮಾಡಿದ್ದರು. 1968ರಲ್ಲಿ ಕಂಪನಿ ಅದನ್ನು ಪತ್ರಿಕೆಯವರನ್ನು ಕರೆದು ತೋರಿಸಿತು. ಗೋಡೆಗೆ ನೇತುಹಾಕೋ ಟಿವಿ ಅಂತ ಕನಸೂ ಕಂಡಿತು. ಆದರೆ ಆರ್‌ಸಿಎ ಪಿಕ್ಚರ್ ಟ್ಯೂಬಿನಲ್ಲೇ ಕೈತುಂಬ ಲಾಭ ಮಾಡ್ತಿದ್ದ ಕಂಪನಿ. ತನ್ನ ಕೂತ ಕೊಂಬೆ ತಾನೇ ಯಾಕೆ ಕಡೀಲಿ? ಕೈಬಿಟ್ಟಿತು. ಅದನ್ನು ಎತ್ತಿಕೊಂಡದ್ದು ಜಪಾನಿನ ಶಾರ್ಪ್, 1973ರಲ್ಲಿ, ಒಂದು ಕ್ಯಾಲ್ಕುಲೇಟರಿಗೆ. ವೆಸ್ಟಿಂಗ್‌ಹೌಸಿನಲ್ಲಿ ಪೀಟರ್ ಬ್ರೋಡಿ ಪ್ರತಿ ಚುಕ್ಕಿಯ ಹಿಂದೆ ಒಂದೊಂದು ಟ್ರಾನ್ಸಿಸ್ಟರ್ ಕೂರಿಸಿ ತೋರಿಸಿದರು. ಈಗಿನ ಎಲ್ಲಾ ಎಲ್‌ಸಿಡಿಗಳ ಮೂಲ ಅದೇ. ಆ ಕಂಪನಿಯೂ 1979ರಲ್ಲಿ ಕೆಲಸ ನಿಲ್ಲಿಸಿತು. ಟಿವಿಯ ಚರಿತ್ರೆ ಓದಿದರೆ, ಕಂಡುಹಿಡಿದವರ ಹೆಸರಿಗಿಂತ ಕೈಬಿಟ್ಟವರ ಹೆಸರುಗಳೇ ಜಾಸ್ತಿ ಸಿಗುತ್ತವೆ.

1988ರ ಹೊತ್ತಿಗೆ ಶಾರ್ಪ್ 14 ಇಂಚಿನ ಬಣ್ಣದ ಎಲ್‌ಸಿಡಿ ತೋರಿಸಿತ್ತು. ಆದರೆ ಒಂದು ದೊಡ್ಡ ಕಾಯಿಲೆ ಇತ್ತು. ನೇರವಾಗಿ ಕೂತರೆ ಚೆನ್ನ, ಪಕ್ಕಕ್ಕೆ ಸರಿದರೆ ಬಣ್ಣವೆಲ್ಲ ಅದಲುಬದಲು. ಹಳೇ ಲ್ಯಾಪ್‌ಟಾಪಿನಲ್ಲಿ ಮೂರು ಜನ ಸೇರಿ ಸಿನಿಮಾ ನೋಡಿದವರಿಗೆ ಗೊತ್ತಿರುತ್ತೆ, ಮಧ್ಯ ಕೂತವನೇ ರಾಜ.

ಈಗ ಬೆಂಗಳೂರಿಗೆ ಬನ್ನಿ. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಮೇಖ್ರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಹತ್ತಿರದಲ್ಲೇ ಹಸಿರು ಕಾಂಪೌಂಡಿನೊಳಗೆ ರಾಮನ್ ಸಂಶೋಧನಾ ಸಂಸ್ಥೆ ಇದೆಯಲ್ಲ, ಅಲ್ಲಿ ಎಸ್. ಚಂದ್ರಶೇಖರ್ ಇದ್ದರು. ನೊಬೆಲ್ ಬಂದ ಚಂದ್ರಶೇಖರ್ ಅಲ್ಲ, ಇವರು ಬೇರೆ, ಶಿವರಾಮಕೃಷ್ಣ ಚಂದ್ರಶೇಖರ್. ಸಿ.ವಿ. ರಾಮನ್ ಇವರಿಗೆ ಸೋದರಮಾವ. ಮೈಸೂರು ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷ ಭೌತಶಾಸ್ತ್ರದ ಪ್ರೊಫೆಸರ್ ಆಗಿದ್ದು, 1971ರಲ್ಲಿ ರಾಮನ್ ಸಂಸ್ಥೆಗೆ ಬಂದು ದ್ರವ ಸ್ಫಟಿಕಗಳ ಪ್ರಯೋಗಾಲಯ ಕಟ್ಟಿದವರು. ಅಲ್ಲಿಯವರೆಗೆ ದ್ರವ ಸ್ಫಟಿಕ ಆಗಬೇಕಾದರೆ ಅಣುಗಳು ಊದುಬತ್ತಿಯ ಹಾಗೆ ಉದ್ದಕ್ಕೆ ಇರಬೇಕು ಅಂತ ತಿಳಿದಿದ್ದರು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ, ನಿಪ್ಪಟ್ಟಿನ ಹಾಗೆ ಚಪ್ಪಟೆಯಾಗಿರೋ ಅಣುಗಳೂ ಒಂದರ ಮೇಲೊಂದು ಪೇರಿಸಿಕೊಂಡು ದ್ರವ ಸ್ಫಟಿಕ ಆಗಬಲ್ಲವು ಅಂತ ತೋರಿಸಿಕೊಟ್ಟರು. ಪ್ರಕಟಿಸಿದ್ದು ವಿದೇಶದಲ್ಲಲ್ಲ, ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ. ಡಿಸ್ಕಾಟಿಕ್ ದ್ರವ ಸ್ಫಟಿಕ ಅಂತ ಇವತ್ತು ಜಗತ್ತು ಕರೆಯೋದು ಇದನ್ನೇ.

ಇದಕ್ಕೂ ಟಿವಿಗೂ ಏನು ಸಂಬಂಧ? ಆಗಿನ ಎಲ್‌ಸಿಡಿಗಳಲ್ಲಿ ವಿದ್ಯುತ್ ಕೊಟ್ಟಾಗ ಮಧ್ಯದ ಅಣುಗಳು ನೆಟ್ಟಗೆ ನಿಲ್ಲುತ್ತವೆ, ಗಾಜಿಗೆ ಅಂಟಿದಂತಿರೋ ಅಣುಗಳು ಅರೆಬರೆ ಏಳುತ್ತವೆ. ಪಕ್ಕದಿಂದ ನೋಡಿದಾಗ ಬೆಳಕು ಸೋರೋದು ಇದರಿಂದ. 1990ರ ದಶಕದ ನಡುವೆ ಜಪಾನಿನ ಫ್ಯೂಜಿ ಫೋಟೋ ಫಿಲ್ಮ್ ಕಂಪನಿ, ಈ ನಿಪ್ಪಟ್ಟಿನ ಜಾತಿಯ ಅಣುಗಳನ್ನು ಬೇಕಾದ ಓರೆಯಲ್ಲಿ ಗಟ್ಟಿಮಾಡಿ ಒಂದು ತೆಳು ಫಿಲ್ಮ್ ಮಾಡಿತು. ಎಲ್‌ಸಿಡಿಯ ಎರಡೂ ಬದಿ ಅದನ್ನು ಅಂಟಿಸಿದರೆ ಆ ಅರೆಬರೆ ಅಣುಗಳ ತಪ್ಪನ್ನು ಇದು ಸರಿದೂಗಿಸುತ್ತೆ. ಉದ್ದ ಅಣುಗಳ ತಪ್ಪನ್ನು ಚಪ್ಪಟೆ ಅಣುಗಳು ತಿದ್ದಿದವು! ಹಾಗಂತ ಎಲ್ಲಾ ಟಿವಿಯೊಳಗೂ ಬೆಂಗಳೂರಿದೆ ಅಂತ ಎದೆ ತಟ್ಟಿಕೊಳ್ಳೋಕಾಗಲ್ಲ. ದೊಡ್ಡ ಟಿವಿಗಳು ಐಪಿಎಸ್, ವಿಎ ಅನ್ನೋ ಬೇರೆ ದಾರಿಗಳನ್ನು ಹಿಡಿದವು. ಈ ಫಿಲ್ಮ್ ಹೋಗಿ ಕೂತದ್ದು ಮುಖ್ಯವಾಗಿ ಕಂಪ್ಯೂಟರ್ ಮಾನಿಟರ್ ಮತ್ತು ಲ್ಯಾಪ್‌ಟಾಪುಗಳಲ್ಲಿ.

ಆದರೆ ನನ್ನ ಪ್ರಕಾರ ಯುದ್ಧ ಗೆದ್ದದ್ದೇ ಮಾನಿಟರು. ಎಲ್‌ಸಿಡಿ ಗಾಜು ಮಾಡೋ ಕಾರ್ಖಾನೆಗೆ ಲ್ಯಾಪ್‌ಟಾಪ್ ಗಿರಾಕಿ, ಆಫೀಸಿನ ಮಾನಿಟರ್ ಗಿರಾಕಿ, ಆಮೇಲೆ ಟಿವಿ ಗಿರಾಕಿ. ಒಂದರ ಲಾಭದಲ್ಲಿ ಇನ್ನೊಂದಕ್ಕೆ ಕಾರ್ಖಾನೆ ಎದ್ದಿತು. 1998ರಲ್ಲಿ ಶಾರ್ಪ್‌ನ ಅಧ್ಯಕ್ಷ ಕಾತ್ಸುಹಿಕೋ ಮಾಚಿದಾ, 2005ರೊಳಗೆ ಜಪಾನಿನಲ್ಲಿ ನಾವು ಮಾರೋ ಟಿವಿಗಳೆಲ್ಲ ಎಲ್‌ಸಿಡಿಯೇ ಆಗಿರುತ್ತವೆ ಅಂತ ಘೋಷಿಸಿದರು. 2006ರಲ್ಲಿ ಕಾಮೆಯಾಮಾದ ಅವರ ಎರಡನೇ ಕಾರ್ಖಾನೆ 2160x2460 ಮಿಲಿಮೀಟರ್ ಗಾಜಿನ ಹಾಳೆಯಿಂದ ಟಿವಿಗಳನ್ನು ಕತ್ತರಿಸತೊಡಗಿತು. ಬರ್ಫಿ ತಟ್ಟೆ ದೊಡ್ಡದಾದಷ್ಟೂ ಒಂದೊಂದು ತುಂಡಿನ ಖರ್ಚು ಕಡಿಮೆ. ಪ್ಲಾಸ್ಮಾಕ್ಕೆ ಇದ್ದದ್ದು ಟಿವಿ ಒಂದೇ. ಅದರ ಗೂಡುಗಳನ್ನು ಒಂದು ಮಿತಿಗಿಂತ ಚಿಕ್ಕದು ಮಾಡೋದು ಕಷ್ಟ, ಹಾಗಾಗಿ ಲ್ಯಾಪ್‌ಟಾಪಿಗೆ ಹೋಗೋಕೆ ದಾರಿಯೇ ಇರಲಿಲ್ಲ. ಫುಲ್ ಎಚ್‌ಡಿ ಬಂದಾಗಲೂ ಇದೇ ತೊಡಕು. 42 ಇಂಚಿನ ಎಲ್‌ಸಿಡಿಯ ಮೇಲೆ 1920x1080 ಅಂತ ಸ್ಟಿಕ್ಕರ್ ಬಿದ್ದಾಗ ಎಷ್ಟೋ ಪ್ಲಾಸ್ಮಾಗಳಲ್ಲಿ ಇದ್ದದ್ದು 1024x768. ಸೋಫಾದಿಂದ ವ್ಯತ್ಯಾಸ ಕಾಣೋದು ಕಷ್ಟ, ಸ್ಟಿಕ್ಕರ್ ಮಾತ್ರ ಕಾಣುತ್ತೆ.

ಮಿಕ್ಕಿದ್ದನ್ನು ಅಂಗಡಿ ಮಾಡಿತು. ಎಲ್‌ಸಿಡಿಯ ಹಿಂದೆ ಸದಾ ಒಂದು ದೀಪ ಉರೀತಾ ಇರುತ್ತೆ. ದ್ರವ ಸ್ಫಟಿಕ ಅದಕ್ಕೆ ಕಿಟಕಿ ಬಾಗಿಲಿದ್ದ ಹಾಗೆ, ಎಷ್ಟು ಮುಚ್ಚಿದರೂ ಸಂದಿಯಲ್ಲಿ ಬೆಳಕು ಬರುತ್ತೆ. ಕಪ್ಪು ಅನ್ನೋದು ಬೂದು ಆಗುತ್ತೆ. ಆದರೆ ಝಗಮಗಿಸೋ ಅಂಗಡಿಯಲ್ಲಿ ಆ ಬೂದು ಯಾರ ಕಣ್ಣಿಗೆ ಬೀಳಬೇಕು? ಪ್ಲಾಸ್ಮಾದಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗಿ ತಾನೇ ಆರುತ್ತೆ, ಕಪ್ಪು ಬಹಳ ಚೆನ್ನ, ಓಡೋ ಚೆಂಡು ಮಸುಕಾಗಲ್ಲ. ಆದರೆ ಪರದೆ ತುಂಬ ಬಿಳಿ ತೋರಿಸಬೇಕಾದಾಗ ಕರೆಂಟು ಮಿತಿ ಮೀರದಿರಲಿ ಅಂತ ಅದು ತಾನೇ ಬೆಳಕು ತಗ್ಗಿಸಿಕೊಳ್ಳುತ್ತೆ. ಸರಿಯಾಗಿ ಅಂಗಡಿಯಲ್ಲೇ ಮಂಕಾಗುತ್ತೆ. ಪಯೋನಿಯರ್ ಕಂಪನಿ 2007ರಲ್ಲಿ 'ಕುರೋ' ಅಂತ ಪ್ಲಾಸ್ಮಾ ಸರಣಿ ತಂದಿತ್ತು, ಜಪಾನಿ ಭಾಷೆಯಲ್ಲಿ ಕುರೋ ಅಂದರೆ ಕಪ್ಪು. ಚಿತ್ರದ ಗುಣ ಬಲ್ಲವರು ಅದನ್ನು ತಲೆ ಮೇಲೆ ಹೊತ್ತುಕೊಂಡರು. 2009ರ ಫೆಬ್ರವರಿಯಲ್ಲಿ ಪಯೋನಿಯರ್ ಟಿವಿ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಅದೇ ವರ್ಷ ಎಲ್‌ಸಿಡಿಯ ಹಿಂದಿನ ದೀಪವನ್ನು ಎಲ್ಇಡಿಗೆ ಬದಲಿಸಿ, ಅದಕ್ಕೆ ಎಲ್ಇಡಿ ಟಿವಿ ಅಂತ ನಾಮಕರಣ ಮಾಡಿ ಜೋರಾಗಿ ಮಾರೋದು ಶುರುವಾಯಿತು. ಬಲ್ಬು ಬದಲಾಯಿಸಿದ್ದಕ್ಕೆ ಮನೆಗೇ ಹೊಸ ಹೆಸರು! ತೆಳ್ಳಗಾದದ್ದು, ಕರೆಂಟು ಉಳಿದದ್ದು ನಿಜ. ಪ್ಲಾಸ್ಮಾ ಕರೆಂಟು ಕುಡಿಯೋದೂ ನಿಜ, ಅದರಲ್ಲಿ ವಾದ ಇಲ್ಲ.

ಪ್ಯಾನಸೋನಿಕ್ 2013ರ ಡಿಸೆಂಬರಿನಲ್ಲಿ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು. 2014ರಲ್ಲಿ ಸ್ಯಾಮ್‌ಸಂಗ್ ಮತ್ತು ಎಲ್‌ಜಿ. ಅಲ್ಲಿಗೆ ಮುಗಿಯಿತು.

ಮಾವನ ಟಿವಿಯಲ್ಲಿ ನಾವು 2011ರ ಏಪ್ರಿಲ್ 2ರ ವರ್ಲ್ಡ್ ಕಪ್ ಫೈನಲ್ ನೋಡಿದೆವು. ಬೀದಿಯವರೆಲ್ಲ ಬಂದಿದ್ದರು, ಗೋಡೆ ಮೂಲೆಯಲ್ಲಿ ಕೂತವರಿಗೂ ಧೋನಿಯ ಸಿಕ್ಸು ಒಂದೇ ಥರ ಕಂಡಿತು. ಆಮೇಲೆ ದಿನವಿಡೀ ನ್ಯೂಸ್ ಹಾಕಿ ಹಾಕಿ, ಕೆಳಗಿನ ಸುದ್ದಿ ಪಟ್ಟಿ ಪರದೆಯ ಮೇಲೆ ಅಚ್ಚೊತ್ತಿತು. ಸಿನಿಮಾದ ಕಪ್ಪು ರಾತ್ರಿಯಲ್ಲೂ ಬ್ರೇಕಿಂಗ್ ನ್ಯೂಸಿನ ನೆರಳು. 2018ರಲ್ಲಿ ಪವರ್ ಬೋರ್ಡ್ ಹೋಯಿತು, ರಿಪೇರಿಯವನು ಕೈಯೆತ್ತಿದ.

ಫೋನಿನಲ್ಲಿ ಇಷ್ಟನ್ನೂ ಹೇಳಿದೆ. ಓಎಲ್ಇಡಿ ಪ್ಲಾಸ್ಮಾದ ವಂಶದ್ದೇ ಮಾವ, ಚುಕ್ಕಿ ತಾನೇ ಬೆಳಗುತ್ತೆ, ಅದೇ ಒಳ್ಳೇ ಕಪ್ಪು, ಅಚ್ಚು ಬೀಳೋ ಅದೇ ಭಯ. ಕ್ಯೂಎಲ್ಇಡಿ, ಮಿನಿ ಎಲ್ಇಡಿ ಎರಡೂ ಎಲ್‌ಸಿಡಿ ಮನೆತನ, ಹಿಂದೆ ದೀಪ ಇದ್ದೇ ಇದೆ. ನಿಮ್ಮ ಹಾಲಿನಲ್ಲಿ ಕಿಟಕಿ ಬೆಳಕು ಜಾಸ್ತಿ, ನ್ಯೂಸ್ ಬೇರೆ ಬೆಳಗಿಂದ ರಾತ್ರಿವರೆಗೆ ಓಡುತ್ತೆ, ಮಿನಿ ಎಲ್ಇಡಿ ತಗೊಳ್ಳಿ ಅಂದೆ. ಆವತ್ತು ನೀವು ಗೋಡೌನಿನಲ್ಲಿ ಆರಿಸಿದ್ದು ತಪ್ಪೇನಲ್ಲ, ಚಿತ್ರ ಅದರದ್ದೇ ಚೆನ್ನಾಗಿತ್ತು ಅಂತಲೂ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಂಗೆ ಆವತ್ತೇ ಗೊತ್ತಿತ್ತಲ್ಲೋ" ಅಂದರು. ಮುಂದಿನ ವಾರ ಅಂಗಡಿಗೆ ಹೋಗ್ತಾರಂತೆ, ಲೈಟ್ ಆರಿಸಿ ತೋರಿಸೋಕೆ ಹೇಳ್ತಾರಂತೆ.

ಹಳೇ ಪ್ಲಾಸ್ಮಾ ಇನ್ನೂ ಅಟ್ಟದ ಮೇಲಿದೆ, ಬೆಡ್‌ಶೀಟ್ ಸುತ್ತಿಟ್ಟಿದ್ದಾರೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ 42 ಇಂಚಿನ ಕೆಟ್ಟ ಪ್ಲಾಸ್ಮಾ ಬಿದ್ದಿದ್ದು, ಅದರ ಪವರ್ ಬೋರ್ಡ್ ಮಾತ್ರ ಚೆನ್ನಾಗಿದ್ದರೆ ದಯವಿಟ್ಟು ತಿಳಿಸಿ. ಶಿವಮೊಗ್ಗಕ್ಕೆ ಹೋಗುವಾಗ ನಾನೇ ಬಂದು ತಗೊಂಡು ಹೋಗ್ತೀನಿ.