ಹಿರಿಯರ ಆರೈಕೆಗೆ ನಿಂತ ಕಿರಿಯರಿಗೆ ಜೊತೆ ಯಾರು?

ಮನೆಯೊಳಗಿನ ಹೊಣೆಯಷ್ಟೇ ಆಗಿದ್ದ ಹಿರಿಯರ ಆರೈಕೆ ನಮ್ಮ ರಾಜ್ಯದಲ್ಲಿ ಒಂದು ವೃತ್ತಿಯೂ ಆಗಿ ಬೆಳೆದದ್ದು ಈಚಿನ ಮೂರು ದಶಕಗಳಲ್ಲಿ. ಈ ಅವಧಿಯಲ್ಲಿ ಕಾನೂನು ಬಂತು, ಪಿಂಚಣಿ ಬಂತು, ಸಹಾಯವಾಣಿ ಬಂತು, ಹಳ್ಳಿಯ ಉಪಕೇಂದ್ರದ ಕೆಲಸದ ಪಟ್ಟಿಗೂ ಹಿರಿಯರ ಆರೈಕೆ ಸೇರಿತು. ಆದರೆ ಈ ಕೆಲಸಕ್ಕೆ ಹೊಸದಾಗಿ ಬಂದವರು ತಮ್ಮ ಓರಗೆಯವರ ಜೊತೆ ಕೂತು ಕಲಿಯುವ, ತೊಡಕು ಹೇಳಿಕೊಳ್ಳುವ ಬಳಗ ಕಟ್ಟುವುದರ ಕಡೆಗೆ ಸಿಕ್ಕ ಗಮನ ತೀರ ಕಡಿಮೆ. ಅಂಥ ಬಳಗ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ ಎಂಬ ನಂಬಿಕೆ ತಪ್ಪು. ಈ ಕ್ಷೇತ್ರದ ಚರಿತ್ರೆಯೇ ಅದಕ್ಕೆ ಸಾಕ್ಷಿ.

ವೃದ್ಧರ ವೈದ್ಯಕೀಯ ಒಂದು ಪ್ರತ್ಯೇಕ ಶಾಖೆಯಾಗಿ ರೂಪುಗೊಂಡದ್ದು ಹೊಸ ಔಷಧಿಯಿಂದಲ್ಲ, ಹೊಸ ಬಗೆಯ ಒಡನಾಟದಿಂದ. 1935ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಯ ವೈದ್ಯೆ ಮಾರ್ಜರಿ ವಾರೆನ್, ಬಡವರ ಚಿಕಿತ್ಸಾಲಯದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ನೂರಾರು ಮುದುಕರ ಹೊಣೆ ಹೊತ್ತರು. ಒಬ್ಬೊಬ್ಬರನ್ನೂ ಹೊಸದಾಗಿ ತಪಾಸಣೆ ಮಾಡಿ, ನರ್ಸ್, ವ್ಯಾಯಾಮ ಚಿಕಿತ್ಸಕರು, ಸಮಾಜಕಾರ್ಯಕರ್ತರನ್ನು ಒಂದು ತಂಡವಾಗಿ ದುಡಿಸಿದಾಗ ಅನೇಕರು ಎದ್ದು ನಡೆದು ಮನೆ ಸೇರಿದರು. ಆ ಅನುಭವ ಒಂದೇ ಆಸ್ಪತ್ರೆಯಲ್ಲಿ ಉಳಿಯದಿದ್ದದ್ದು, 1947ರಲ್ಲಿ ಸಮಾನಾಸಕ್ತ ವೈದ್ಯರು ಸಂಘ ಕಟ್ಟಿಕೊಂಡದ್ದರಿಂದ. ಇಂದಿನ ಬ್ರಿಟಿಷ್ ಜೆರಿಯಾಟ್ರಿಕ್ಸ್ ಸೊಸೈಟಿ ಅದೇ. ಅಮೆರಿಕದಲ್ಲಿ 1945ರಲ್ಲಿ ಹುಟ್ಟಿದ ಜೆರೊಂಟಾಲಜಿಕಲ್ ಸೊಸೈಟಿ ಮುಂದೆ ವಿದ್ಯಾರ್ಥಿಗಳಿಗೆ, ವೃತ್ತಿಗೆ ಆಗಷ್ಟೇ ಕಾಲಿಟ್ಟವರಿಗೆ ಪ್ರತ್ಯೇಕ ವಿಭಾಗವನ್ನೇ ಮಾಡಿತು. ನಮ್ಮ ದೇಶದಲ್ಲಿ ಡಾ. ವಿ.ಎಸ್. ನಟರಾಜನ್ ಅವರ ಮುಂದಾಳತ್ವದಲ್ಲಿ 1978ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ವೃದ್ಧರ ವೈದ್ಯಕೀಯ ಶುರುವಾಯಿತು. ಅಲ್ಲಿ ಸ್ನಾತಕೋತ್ತರ ಪದವಿ ಬರಲು 1996 ಆಗಬೇಕಾಯಿತು.

ಕರ್ನಾಟಕದ ಹಾದಿ ಬೇರೆ. 1998ರಲ್ಲಿ ಬೆಂಗಳೂರಿನಲ್ಲಿ ಡಾ. ರಾಧಾ ಮೂರ್ತಿ ಮತ್ತು ಎಸ್. ಪ್ರೇಮ್‌ಕುಮಾರ್ ರಾಜಾ ಅವರು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಕಟ್ಟಿದರು. ಪೊಲೀಸ್ ಇಲಾಖೆಯ ಜೊತೆಗೂಡಿ ಹಿರಿಯರಿಗಾಗಿ 1090 ಸಹಾಯವಾಣಿಯನ್ನೂ ನಡೆಸಿದರು. 1999ರಲ್ಲಿ ವೃದ್ಧರ ರಾಷ್ಟ್ರೀಯ ನೀತಿ ಬಂತು. 2007 ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯ ವರ್ಷ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಯದೂ ಅದೇ ವರ್ಷ. 2010ರ ಹೊತ್ತಿಗೆ ಹಿರಿಯರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಿತು, 2018ರಿಂದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬರತೊಡಗಿದರು, 2021ರಲ್ಲಿ 14567 ಸಹಾಯವಾಣಿ ದೇಶವ್ಯಾಪಿಯಾಯಿತು. ಪ್ರತಿ ಹೆಜ್ಜೆಯೂ ಹೊಸ ಹುದ್ದೆ, ಹೊಸ ಕೆಲಸ ಹುಟ್ಟಿಸಿತು. ಸಹಾಯವಾಣಿಯ ಕರೆ ಎತ್ತುವವರು, ಫಿಜಿಯೋಥೆರಪಿಸ್ಟರು, ವೃದ್ಧಾಶ್ರಮದ ಸಮಾಜಕಾರ್ಯಕರ್ತರು, ಹೋಮ್ ನರ್ಸ್‌ಗಳಲ್ಲಿ ಬಹಳ ಮಂದಿ ಇಪ್ಪತ್ತರ ಹರೆಯದವರು. ಸರ್ಕಾರ ಅವರಿಗೆ ಕೈಪಿಡಿ ಕೊಟ್ಟಿತು, ಸಂಸ್ಥೆ ಕೆಲಸ ಕೊಟ್ಟಿತು. ಜೊತೆಗಾರರನ್ನು ಯಾರೂ ಕೊಡಲಿಲ್ಲ.

ಈ ಕೊರತೆ ಬೆಂಗಳೂರಿಗಿಂತ ಗದಗದಂಥ ಜಿಲ್ಲೆಯಲ್ಲಿ ಹೆಚ್ಚು ನೋಯುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷ, ಎಂದರೆ ಶೇ 9.5. 2031ರ ಹೊತ್ತಿಗೆ ಅದು ಶೇ 15ರ ಸಮೀಪಕ್ಕೆ ಏರುವ ಅಂದಾಜಿದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಮಳೆಯಾಶ್ರಿತ ಹಳ್ಳಿಗಳಿಂದ ದುಡಿಯುವ ವಯಸ್ಸಿನವರು ಗೋವಾಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಗುಳೆ ಹೋದರೆ ಊರಲ್ಲಿ ಉಳಿಯುವವರು ವಯಸ್ಸಾದವರು. ಹಿರೇವಡ್ಡಟ್ಟಿಯಂಥ ಊರಿನಲ್ಲಿ ಲಕ್ವ ಹೊಡೆದ ಅಜ್ಜನೊಬ್ಬನ ಪಾಡು ಒಂದು ಇಲಾಖೆಗೆ ಸೇರಿದ್ದಲ್ಲ. ಬೆನ್ನ ಮೇಲಿನ ಹಾಸಿಗೆ ಹುಣ್ಣು ಆರೋಗ್ಯ ಅಧಿಕಾರಿಗೆ, ನಿಂತ ಪಿಂಚಣಿ ತಹಶೀಲ್ದಾರ್ ಕಚೇರಿಗೆ, ಮಕ್ಕಳು ಕೊಡದ ಪೋಷಣೆಯ ಹಣ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ, ಗಾಲಿಕುರ್ಚಿಯ ಅರ್ಜಿ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಸಂಬಂಧಿಸಿದ್ದು. ಇದನ್ನೆಲ್ಲ ಒಬ್ಬರೇ ಕಲಿತು ಬಂದಿರುವುದಿಲ್ಲ. ಯಾರಿಗೆ ಏನು ಗೊತ್ತು ಎಂಬುದು ತಿಳಿದಿರಬೇಕು, ಕೇಳಲು ಸಂಕೋಚ ಇರಬಾರದು. ಓರಗೆಯವರ ಬಳಗ ಕೊಡುವುದು ಈ ಎರಡನ್ನು.

ಇಂಥ ಬಳಗದಿಂದ ಕೆಲಸದ ಗುಣ ಹೆಚ್ಚುತ್ತದೆಂಬುದಕ್ಕೆ ಆಧಾರಗಳಿವೆ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೆಲ್ ಬಾಲಿಂಟ್ ಸಾಮಾನ್ಯ ವೈದ್ಯರನ್ನು ನಿಯಮಿತವಾಗಿ ಸೇರಿಸಿ, ತಮ್ಮನ್ನು ಕಾಡಿದ ರೋಗಿಗಳ ಬಗ್ಗೆ ಮಾತಾಡಲು ಹಚ್ಚಿದರು. ಆ ಪದ್ಧತಿ ಇಂದಿಗೂ ಹಲವು ದೇಶಗಳಲ್ಲಿದೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಹಳ್ಳಿಯ ವೈದ್ಯರನ್ನೂ ತಜ್ಞರನ್ನೂ ವಾರವಾರ ವಿಡಿಯೋ ಮೂಲಕ ಒಂದುಗೂಡಿಸುವ ‘ಎಕೋ’ ಆರಂಭಿಸಿದರು. ಹೆಪಟೈಟಿಸ್-ಸಿ ರೋಗಿಗಳಲ್ಲಿ ಗುಣವಾದವರ ಪ್ರಮಾಣ ಎಕೋಗೆ ಸೇರಿದ ಹಳ್ಳಿಯ ಕ್ಲಿನಿಕ್ಕಿನಲ್ಲೂ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲೂ ಶೇ 58ರ ಆಸುಪಾಸಿನಲ್ಲೇ ಇತ್ತೆಂದು 2011ರ ಅಧ್ಯಯನ ತೋರಿಸಿತು. ಅದೇ ಮಾದರಿಯನ್ನು ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯಕ್ಕೆ ಅಳವಡಿಸಿಕೊಂಡಿದೆ. ದೂರದ ಹಳ್ಳಿಯಲ್ಲಿದ್ದೂ ಒಂಟಿಯಾಗದ ವೈದ್ಯ ದೊಡ್ಡ ಆಸ್ಪತ್ರೆಯ ಮಟ್ಟಕ್ಕೆ ಚಿಕಿತ್ಸೆ ಕೊಡಬಲ್ಲ ಎಂಬುದೇ ಇದರ ಪಾಠ.

ಆಕ್ಷೇಪಗಳೂ ಇವೆ. ಇಲಾಖೆಯ ಮಾಸಿಕ ಸಭೆ, ವಾಟ್ಸ್ಆ್ಯಪ್ ಗುಂಪು ಇರುವಾಗ ಮತ್ತೊಂದು ಏಕೆ ಎನ್ನಬಹುದು. ಆದರೆ ಮೇಲಧಿಕಾರಿ ಕೂತ ಸಭೆಯಲ್ಲಿ ಗುರಿ ಮುಟ್ಟಿದ ಲೆಕ್ಕ ಹೇಳಬಹುದು, ‘ನನಗೆ ತಿಳಿಯಲಿಲ್ಲ’ ಎನ್ನಲಾಗದು. ಮನೆಯಲ್ಲಿ ಮಕ್ಕಳು ಸೊಸೆಯಂದಿರು ಇರುವಾಗ ವೃತ್ತಿಪರರ ಮಾತೇಕೆ ಎಂಬ ಪ್ರಶ್ನೆಯೂ ಬರುತ್ತದೆ. ಮನೆಯ ಆರೈಕೆಯ ಭಾರ ಹೊತ್ತ ಸೊಸೆಗೆ, ಮಗಳಿಗೆ ಹೊರಳಿಸುವ, ಉಣಿಸುವ ಸರಿಯಾದ ಕ್ರಮ ಕಲಿಸಬೇಕಾದವರೂ ಇವರೇ. ಎಲ್ಲಕ್ಕಿಂತ ಗಂಭೀರವಾದದ್ದು ಸಂಬಳದ ಆಕ್ಷೇಪ: ಗುತ್ತಿಗೆ ನೌಕರಿ, ತಡವಾಗುವ ಗೌರವಧನ ಹಾಗೇ ಇರುವಾಗ ಬಳಗ ಎಂಬುದು ಕಣ್ಣೊರೆಸುವ ಮಾತಾಗದೇ? ಬಳಗ ಸಂಬಳಕ್ಕೆ ಬದಲಿಯೆಂದು ಹೇಳಿದರೆ ಖಂಡಿತ ಆಗುತ್ತದೆ. ನ್ಯಾಯವಾದ ಸಂಬಳ ಮೊದಲ ಹಕ್ಕು, ಅದರಲ್ಲಿ ರಾಜಿಯಿಲ್ಲ. ಆದರೆ ಹೋಮ್ ನರ್ಸ್‌ಗಳಂತೆ ಮನೆಮನೆಗೆ ಚದುರಿಹೋದವರಿಗೆ ಆ ಹಕ್ಕು ಕೇಳುವ ಬಲ ಬರುವುದೂ ಮೊದಲು ಒಬ್ಬರಿಗೊಬ್ಬರು ಪರಿಚಯವಾದ ಮೇಲೆಯೇ.

ಹೇಗೆ ಕಟ್ಟಬೇಕೆಂಬುದಕ್ಕೆ ಮಾದರಿ ದೂರದಲ್ಲಿಲ್ಲ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿಸಿದರು. 1904ರ ಕಾಯ್ದೆಯಂತೆ ಗ್ರಾಮೀಣ ಸಂಘಗಳ ಆಧಾರ ಸದಸ್ಯರೆಲ್ಲರ ಕೂಡುಹೊಣೆ. ಒಬ್ಬನ ಸಾಲಕ್ಕೆ ಎಲ್ಲರೂ ಬಾಧ್ಯರು. ಒಬ್ಬೊಬ್ಬರಾಗಿ ಸಾಹುಕಾರನ ಮುಂದೆ ನಿಂತಾಗ ಇಲ್ಲದ ಶಕ್ತಿ ಒಕ್ಕಟ್ಟಿನಿಂದ ಬಂತು. ಆರೈಕೆಯ ಬಳಗಕ್ಕೂ ಇದೇ ತತ್ವ ಸಲ್ಲುತ್ತದೆ. ತಾಲೂಕಿಗೊಂದರಂತೆ ಹತ್ತು ಹನ್ನೆರಡು ಜನ ತಿಂಗಳಿಗೊಮ್ಮೆ ಸೇರಲಿ. ರೋಗಿಯ ಹೆಸರು ಹೇಳದೆ ಒಂದು ಕಠಿಣ ಪ್ರಸಂಗ ಚರ್ಚೆಗೆ ಬರಲಿ. ಆಶಾ ಕಾರ್ಯಕರ್ತೆಗೂ ಪದವೀಧರರಿಗೂ ಸಮಾನ ಕುರ್ಚಿ ಇರಲಿ. ಗದಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ನಾಗಾವಿಯ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯವೂ ಸ್ಥಳ, ತಜ್ಞರ ನೆರವು ಕೊಡಲಿ; ಯಜಮಾನಿಕೆ ಮಾತ್ರ ಸದಸ್ಯರದ್ದಾಗಿರಲಿ. ಇದಕ್ಕೆ ಬೇಕಾದ ಹಣ ಅಲ್ಪ; ಆ ಒಂದು ದಿನವನ್ನು ಕರ್ತವ್ಯದ ದಿನವೆಂದು ಇಲಾಖೆಗಳು ಲೆಕ್ಕಕ್ಕೆ ಹಿಡಿಯುವುದು ಮುಖ್ಯ. ಕಾನೂನು, ಪಿಂಚಣಿ, ಸಹಾಯವಾಣಿ ಎಲ್ಲವೂ ಕೊನೆಗೆ ಹಿರಿಯರ ಮನೆ ಬಾಗಿಲು ತಲುಪುವುದು ಒಬ್ಬ ಕಿರಿಯ ಕೆಲಸಗಾರರ ಮೂಲಕ. ಅವರು ವೃತ್ತಿಯಲ್ಲಿ ಉಳಿದು ಪಳಗುವಂತೆ ನೋಡಿಕೊಳ್ಳುವುದೂ ಹಿರಿಯರ ಆರೈಕೆಯ ಭಾಗವೇ.