ನಮ್ಮ ಮನೆಯ ಕಂಪ್ಯೂಟರಿಗೆ ನೆಟ್ ಬಂದ ಚರಿತ್ರೆ

ಚರಿತ್ರೆ ಎಂದರೆ ರಾಜರದ್ದು, ಕೋಟೆಯದ್ದು ಎಂದು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಬೇಕಲದ ಕೋಟೆ ನಮ್ಮ ಜಿಲ್ಲೆಯಲ್ಲೇ ಇರುವಾಗ ಹಾಗೆ ಹೇಳುವುದು ತಪ್ಪೂ ಅಲ್ಲ. ಆದರೆ ಊರಿಗೆ ಕರೆಂಟು ಬಂದದ್ದು, ಮನೆಗೆ ಫೋನು ಬಂದದ್ದು ಕೂಡ ಚರಿತ್ರೆಯೇ. ವಾಚನಾಲಯದವರು ಲೇಖನ ಕೇಳಿದಾಗ ನನಗೆ ನೆನಪಾದದ್ದು 2009ರಲ್ಲಿ ನಮ್ಮ ಮನೆಯ ಕಂಪ್ಯೂಟರಿಗೆ ನೆಟ್ ಬಂದ ಕತೆ. ಸಣ್ಣ ಕತೆಯೇ. ಆದರೆ ಅದರ ಹಿಂದೆ ದೊಡ್ಡ ಕತೆಯೊಂದುಂಟು.

ಮೊದಲು ಆ ದೊಡ್ಡ ಕತೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಇನ್ನೊಬ್ಬರಿಗೆ ಹಂಚಬಹುದಾದ ತಂತ್ರಾಂಶ ಮಾಡುತ್ತೇನೆಂದು ಹೊರಟರು. ಅದಕ್ಕೆ ಗ್ನು ಎಂದು ಹೆಸರಿಟ್ಟರು. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಎಂಬ ತಿರುಳನ್ನು ಬರೆದ. ಇವೆರಡೂ ಕೂಡಿ ಒಂದು ಪೂರ್ಣ ವ್ಯವಸ್ಥೆಯಾಯಿತು. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಕೆಲವು ವರ್ಷಗಳ ನಂತರ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಇದನ್ನೇ ಆರಿಸಿಕೊಂಡಿತು. 2008ರ ಹೊತ್ತಿಗೆ ಹತ್ತನೆಯ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆ ಪೂರ್ತಿ ಇದರಲ್ಲೇ ನಡೆಯತೊಡಗಿತು. ಹೊರಗಿನ ಲೋಕವೆಲ್ಲ ವಿಂಡೋಸಿನಲ್ಲಿ ಕೂತಿದ್ದಾಗ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಕಲಿಯುತ್ತಿದ್ದರು.

ನನ್ನ ಮಗಳು ಆಗ ಹತ್ತನೆಯ ತರಗತಿ. ಮನೆಗೊಂದು ಕಂಪ್ಯೂಟರ್ ತಂದೆ. ಶಾಲೆಯ ಸಿಡಿಯಿಂದ ಅದೇ ವ್ಯವಸ್ಥೆಯನ್ನು ಹಾಕಿದೆವು. ಆ ತಂತ್ರಾಂಶವನ್ನು ಹಂಚುವುದು ಕಳ್ಳತನ ಅಲ್ಲ, ಅದಕ್ಕೆ ಕಾನೂನಿನ ಒಪ್ಪಿಗೆಯೇ ಉಂಟು. ಅಲ್ಲಿವರೆಗೆ ಎಲ್ಲ ಸುಸೂತ್ರ. ತೊಂದರೆ ಶುರುವಾದದ್ದು ನೆಟ್ ಜೋಡಿಸುವಾಗ.

ಮೊದಲು ಫೋನಿನ ಡಯಲ್-ಅಪ್ ನೋಡಿದೆ. ಕಂಪ್ಯೂಟರಿನ ಒಳಗೆ ಮೋಡೆಮ್ ಕಾರ್ಡ್ ಇತ್ತು. ಎಷ್ಟು ತಿಣುಕಿದರೂ ಅದು ಡಯಲ್ ಮಾಡಲಿಲ್ಲ. ಕಾರಣ ಆಮೇಲೆ ತಿಳಿಯಿತು. ಕಂಪ್ಯೂಟರಿನ ಅಂಕಿಗಳನ್ನು ಫೋನಿನ ತಂತಿಯಲ್ಲಿ ಹೋಗುವ ಸದ್ದನ್ನಾಗಿ ಮಾಡುವುದು, ಆ ಕಡೆಯಿಂದ ಬಂದ ಸದ್ದನ್ನು ಪುನಃ ಅಂಕಿ ಮಾಡುವುದು, ಇದು ಮೋಡೆಮಿನ ಕೆಲಸ. ಅಗ್ಗದ ಒಳ ಕಾರ್ಡುಗಳಲ್ಲಿ ಈ ಕೆಲಸದ ಹೆಚ್ಚಿನ ಪಾಲನ್ನು ಕಾರ್ಡ್ ಮಾಡುವುದೇ ಇಲ್ಲ, ವಿಂಡೋಸಿಗೆಂದೇ ಬರೆದ ತಂತ್ರಾಂಶ ಮಾಡುತ್ತದೆ. ಅದಕ್ಕೇ ಅವನ್ನು ವಿನ್‌ಮೋಡೆಮ್ ಎಂದು ಕರೆದರು. ಕಡೆಯುವ ಕಲ್ಲು ನಮಗೆ ಕೊಟ್ಟು, ಗುಂಡು ಮಾತ್ರ ಆಚೆಮನೆಯಲ್ಲಿ ಇಟ್ಟ ಹಾಗೆ. ಹೊರಗೆ ಜೋಡಿಸುವ ಹಳೆಯ ಸೀರಿಯಲ್ ಮೋಡೆಮುಗಳಲ್ಲಿ ಕಲ್ಲೂ ಗುಂಡೂ ಒಟ್ಟಿಗೇ ಇರುತ್ತಿದ್ದವು, ಹಾಗಾಗಿ ಅವು ಲಿನಕ್ಸಿನಲ್ಲೂ ನಡೆಯುತ್ತಿದ್ದವು.

ಅಷ್ಟರಲ್ಲಿ ನಮ್ಮ ಕಡೆಗೂ ಬ್ರಾಡ್‌ಬ್ಯಾಂಡ್ ಬಂದಿತ್ತು. ಅರ್ಜಿ ಹಾಕಿದೆ. ಜೋಡಿಸಲಿಕ್ಕೆ ಬಂದ ಹುಡುಗ ಮೋಡೆಮಿನ ಯುಎಸ್‌ಬಿ ವಯರನ್ನು ಸಿಕ್ಕಿಸಿ, ಚೀಲದಿಂದ ಡ್ರೈವರ್ ಸಿಡಿ ತೆಗೆದ. ಪರದೆ ನೋಡಿದವನೇ ಸಿಡಿಯನ್ನು ಪುನಃ ಚೀಲಕ್ಕೆ ಹಾಕಿದ.

"ಇದಿಲ್ ಕಿಟ್ಟೂಲ ಮಾಷೇ" ಎಂದ. ಇದರಲ್ಲಿ ಸಿಗಲಿಕ್ಕಿಲ್ಲ ಅಂತ. ವಿಂಡೋಸ್ ಹಾಕಿಸಿ, ಆಮೇಲೆ ಫೋನ್ ಮಾಡಿ ಎಂದು ಹೇಳಿ ಹೋದ. ಪೇಟೆಯ ಅಂಗಡಿಯಲ್ಲಿ ವಿಚಾರಿಸಿದರೆ ಅಲ್ಲಿಯೂ ಅದೇ ಮಾತು. "ಅದು ಶಾಲೆಗೆ ಮಾತ್ರ ಮಾಸ್ಟ್ರೆ, ಮನೆಗೆಲ್ಲ ಆಗುವುದಿಲ್ಲ. ನಾನೊಂದು ಕಾಪಿ ಹಾಕಿ ಕೊಡ್ತೇನೆ."

ಮಗಳು ಪಕ್ಕದಲ್ಲೇ ನಿಂತಿದ್ದಳು. ದಾರಿಯಲ್ಲಿ ಬರುವಾಗ ಕೇಳಿದಳು: "ಅಪ್ಪಾ, ಹಾಗಾದ್ರೆ ನಾವು ಕಲಿಯುವುದು ಪರೀಕ್ಷೆಗೆ ಮಾತ್ರವಾ?"

ಆ ಪ್ರಶ್ನೆ ನನಗೆ ಹೊಸತಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡದ ಬಗ್ಗೆ ಇದೇ ಮಾತನ್ನು ಕೇಳುತ್ತ ಬಂದವರು ನಾವು. ಕನ್ನಡ ಶಾಲೆಗೆ ಸರಿ, ಹೊರಗೆ ನಡೆಯಲಿಕ್ಕಿಲ್ಲ. ಬದಲಿಸಿ. ಅಂಗಡಿಯವನ ಕಾಪಿಗೆ ಒಪ್ಪಿದರೆ ನಾನೂ ಮಗಳಿಗೆ ಅದನ್ನೇ ಹೇಳಿದಂತೆ ಆಗುತ್ತಿತ್ತು. ಹಾಗಂತ ಹಟ ಹಿಡಿದರೆ ನೆಟ್ ಬರುತ್ತದಾ? ತಿಂಗಳ ಬಿಲ್ಲು ಮಾತ್ರ ಬರುತ್ತದೆ.

ಕೊನೆಗೆ ನಮ್ಮ ಶಾಲೆಯಲ್ಲಿ ಐಟಿ ನೋಡಿಕೊಳ್ಳುತ್ತಿದ್ದ ಟೀಚರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿ ನಕ್ಕರು. "ಯುಎಸ್‌ಬಿ ಬಿಡಿ ಮಾಸ್ಟ್ರೆ. ಮೋಡೆಮಿನ ಹಿಂದೆ ಅಗಲದ ಇನ್ನೊಂದು ತೂತು ಉಂಟಲ್ಲಾ, ಅದಕ್ಕೆ ಲ್ಯಾನ್ ವಯರು ಹಾಕಿ. ಅದಕ್ಕೆ ಯಾವ ಸಿಡಿಯೂ ಬೇಡ."

ಹೌದು, ತೂತು ಅಲ್ಲೇ ಇತ್ತು. ಯುಎಸ್‌ಬಿಯಲ್ಲಿ ಜೋಡಿಸಿದರೆ ಆ ಮೋಡೆಮಿಗೆ ಪ್ರತ್ಯೇಕ ಡ್ರೈವರ್ ಬೇಕು. ಲ್ಯಾನ್ ಎಂಬುದು ಎಲ್ಲ ವ್ಯವಸ್ಥೆಗಳಿಗೂ ಗೊತ್ತಿರುವ ಭಾಷೆ. ವಯರು ಹಾಕಿದ ಮೇಲೆ ಟರ್ಮಿನಲ್ ತೆರೆದು 'ಪಿಪಿಪಿಒಇಕಾನ್ಫ್' ಎಂಬ ಆಜ್ಞೆಯನ್ನು ಟೀಚರು ಇಂಗ್ಲಿಷಿನ ಒಂದೊಂದೇ ಅಕ್ಷರ ಹೇಳಿ ಬರೆಸಿದರು. ಅದು ತಾನಾಗಿ ಮೋಡೆಮನ್ನು ಹುಡುಕಿತು, ಬಳಕೆದಾರನ ಹೆಸರು ಕೇಳಿತು, ಗುಪ್ತಪದ ಕೇಳಿತು. ಸಂಪರ್ಕದ ಕಾಗದದಲ್ಲಿದ್ದುದನ್ನು ಮಗಳು ಓದಿದಳು, ನಾನು ಒತ್ತಿದೆ. ಮತ್ತೆರಡು ಪ್ರಶ್ನೆಗೆ ಹೌದು ಎಂದೆ. ಹತ್ತು ನಿಮಿಷದ ಕೆಲಸ. ಫೋನಿನ ತಂತಿಗೆ ಆ ಕಡೆ ಯಾವ ವ್ಯವಸ್ಥೆ ಉಂಟು ಎಂದು ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಹೆಸರು, ಗುಪ್ತಪದ ಸರಿಯಿದ್ದರೆ ಸಾಕು.

ಮೊದಲು ತೆರೆದದ್ದು ಕನ್ನಡ ವಿಕಿಪೀಡಿಯ. ಅದು 2003ರಿಂದ ಇತ್ತು, ನಮಗೆ ಆ ದಿನ ಸಿಕ್ಕಿತು. ಮಗಳು ಹುಡುಕುವ ಜಾಗದಲ್ಲಿ ಬದಿಯಡ್ಕದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನು ಒತ್ತಿದಳು. ಞಕ್ಕೆ ಞ ಒತ್ತು, ಣಕ್ಕೆ ಣ ಒತ್ತು, ಎಲ್ಲ ಸರಿಯಾಗಿ ಮೂಡಿತು. ಯುನಿಕೋಡ್ ಕನ್ನಡವನ್ನು ತೋರಿಸಲು ಬೇಕಾದ 'ಕೇದಗೆ', 'ಮಲ್ಲಿಗೆ' ಎಂಬ ಅಕ್ಷರ ಶೈಲಿಗಳು ಆ ವ್ಯವಸ್ಥೆಯೊಳಗೇ ಇದ್ದವು. ಎಲ್ಲವೂ ಹೀಗೆಯೇ ಸರಿಯಾಯಿತು ಎಂದಲ್ಲ. ಕೆಲವು ಕನ್ನಡ ತಾಣಗಳು ತಮ್ಮದೇ ಶೈಲಿ ಬೇಡುತ್ತಿದ್ದವು, ಅವು ನಮ್ಮಲ್ಲಿ ಓದಲಾಗದ ಗೀಚುಗಳಾಗಿ ಕಾಣುತ್ತಿದ್ದವು. ಪ್ರಿಂಟರಿನ ಕತೆ ಬೇರೆಯೇ ಉಂಟು, ಅದು ಇನ್ನೊಮ್ಮೆ.

ಸಂಪರ್ಕ ಜೋಡಿಸಲು ಬಂದ ಹುಡುಗನನ್ನು ನಾನು ದೂರುವುದಿಲ್ಲ. ಅವನಿಗೆ ಕಲಿಸಿದವರು ಅಷ್ಟೇ ಕಲಿಸಿದ್ದು. ಅವನಿಗೆ ತಿಳಿಯದ್ದನ್ನು 'ಆಗುವುದಿಲ್ಲ' ಎಂದ. ನಾವು ಮಾಸ್ಟ್ರುಗಳೂ ತರಗತಿಯಲ್ಲಿ ಎಷ್ಟೋ ಸಲ ಹಾಗೆ ಹೇಳಿರುತ್ತೇವೆ.

ಆ ರಾತ್ರಿ ಮಗಳು ಮಾಡಿದ ಕ್ರಮವನ್ನೆಲ್ಲ ನೋಟ್ ಪುಸ್ತಕದ ಹಾಳೆಯಲ್ಲಿ ಕನ್ನಡದಲ್ಲಿ ಬರೆದಳು: ಒಂದು, ಯುಎಸ್‌ಬಿ ವಯರು ತೆಗೆಯಿರಿ. ಎರಡು, ಲ್ಯಾನ್ ವಯರು ಹಾಕಿ. ಹೀಗೆ ಎಂಟು ಸಾಲು. ಅದರ ನಕಲು ಮಾಡಿ ಶಾಲೆಯ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಅಂಟಿಸಿದೆವು. ಮುಂದಿನ ವಾರ ನೋಡಿದರೆ ಹಾಳೆ ಇರಲಿಲ್ಲ. ಯಾರೋ ಮನೆಗೆ ಒಯ್ದಿದ್ದರು. ಇನ್ನೊಂದು ನಕಲು ಅಂಟಿಸಿದೆವು.