ಭಾನುವಾರದ ಮೀನುಮನೆ

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಅಕ್ವೇರಿಯಂಗೆ ಹೊರಡಬೇಕೆಂದು ಮನೆಯವರು ಕೂತು ಮಾತಾಡುವಾಗ ಮೊದಲು ಏಳುವ ಪ್ರಶ್ನೆಗಳು ಮೀನಿಗೆ ಸಂಬಂಧಪಟ್ಟವಲ್ಲ. ಯಾವ ದಿನ ಎಲ್ಲರಿಗೂ ರಜೆ, ಟಿಕೆಟ್ಟಿಗೆಷ್ಟು, ರೈಲಿಳಿದ ಮೇಲೆ ಎಷ್ಟು ದೂರ ನಡೆಯಬೇಕು, ಕಿರಿಯದು ಅರ್ಧ ಗಂಟೆಗೇ ಹಠ ಹಿಡಿದರೆ ಅಕ್ಕಪಕ್ಕದಲ್ಲಿ ಇನ್ನೇನಿದೆ? ಇವು ಚಿಲ್ಲರೆ ಚಿಂತೆಗಳೆಂದು ಇತಿಹಾಸಕಾರರು ಸಾಮಾನ್ಯವಾಗಿ ಬದಿಗಿಡುತ್ತಾರೆ. ಸಾರ್ವಜನಿಕ ಮತ್ಸ್ಯಾಲಯದ ಕಥೆಯನ್ನು ಅವರು ಗಾಜಿನಿಂದಲೋ ಜೀವಶಾಸ್ತ್ರದಿಂದಲೋ ಶುರುಮಾಡುತ್ತಾರೆ. ಅವೆರಡೂ ಇಲ್ಲದೆ ಮತ್ಸ್ಯಾಲಯ ಹುಟ್ಟುತ್ತಿರಲಿಲ್ಲ, ನಿಜ. ಆದರೆ ಅದನ್ನು ಎಲ್ಲಿ ಕಟ್ಟಬೇಕು, ಯಾವತ್ತು ಬಾಗಿಲು ತೆಗೆಯಬೇಕು, ಒಳಗೆ ಏನೇನು ಇರಬೇಕು ಎಂಬುದನ್ನೆಲ್ಲ ತೀರ್ಮಾನಿಸಿದ್ದು ಸಂಸಾರವಂದಿಗರ ರಜೆ ಮತ್ತು ಜೇಬು ಎಂದೇ ನನಗೆ ತೋರುತ್ತದೆ.

ಲಂಡನ್ನಿನಿಂದ ನೋಡೋಣ. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ತೆರಿಗೆ ತೆಗೆದುಹಾಕಿತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ, ಮೀನು, ಬಸವನಹುಳು, ನೀರುಗಿಡ ಮೂರನ್ನೂ ಒಂದೇ ತೊಟ್ಟಿಯಲ್ಲಿಟ್ಟರೆ ನೀರು ಬದಲಿಸದೆಯೂ ಅವು ಬದುಕುತ್ತವೆಂದು ತೋರಿಸಿದ. 1853ರ ಮೇ ತಿಂಗಳಲ್ಲಿ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಲಯವೆಂದು ಎಣಿಸುವುದು ಇದನ್ನೇ. ಇಲ್ಲಿಯವರೆಗೆ ಕಥೆ ವಿಜ್ಞಾನದ್ದೇ. ಬಾಗಿಲಲ್ಲಿ ನಿಂತು ನೋಡಿದರೆ ಬೇರೊಂದು ಕಥೆ ಕಾಣುತ್ತದೆ. ಆ ಮೃಗಾಲಯ ಜನಸಾಮಾನ್ಯರಿಗೆ ತೆರೆದುಕೊಂಡದ್ದೇ 1847ರಲ್ಲಿ. ಉಳಿದ ದಿನ ಒಂದು ಶಿಲಿಂಗ್, ಸೋಮವಾರ ಮಾತ್ರ ಆರು ಪೆನ್ನಿ. ಭಾನುವಾರ ಮೃಗಾಲಯ ನಡೆಸುವ ಸಂಘದ ಸದಸ್ಯರಿಗೆ ಮತ್ತು ಅವರ ಅತಿಥಿಗಳಿಗೆ ಮೀಸಲು. ಕೂಲಿಕಾರನಿಗೆ ಮಕ್ಕಳೊಂದಿಗೆ ಹೊರಡಲು ಇದ್ದ ಒಂದೇ ದಿನ ಮೀನುಮನೆ ಅವನಿಗೆ ಮುಚ್ಚಿರುತ್ತಿತ್ತು.

ಈ ಗಂಟು ಬಿಚ್ಚತೊಡಗಿದ್ದು 1870ರ ದಶಕದಲ್ಲಿ. ರೀಜೆಂಟ್ಸ್ ಪಾರ್ಕಿನ ತೊಟ್ಟಿಗಳಲ್ಲಿ ನೀರು ಬಿಸಿಯೇರಿ ಕದಡುತ್ತಿತ್ತು. ಡಬ್ಲ್ಯೂ. ಎ. ಲಾಯ್ಡ್ ಎಂಬಾತ ನೆಲದಡಿಯ ಕತ್ತಲಲ್ಲಿ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡ ಜಲಾಶಯವಿಟ್ಟು, ಅದರ ತಣ್ಣೀರನ್ನು ಎಡೆಬಿಡದೆ ಮೇಲಕ್ಕೆ ಹರಿಸುವ ವ್ಯವಸ್ಥೆ ಕಂಡುಕೊಂಡು, 1871ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಅದನ್ನು ಜಾರಿಗೆ ತಂದ. ಅದೇ 1871ರಲ್ಲಿ ಬ್ರಿಟಿಷ್ ಸಂಸತ್ತು ಬ್ಯಾಂಕ್ ರಜೆಗಳ ಕಾಯ್ದೆ ಮಾಡಿತು. ಆಗಸ್ಟ್ ತಿಂಗಳಲ್ಲಿ ಒಂದು ಸೋಮವಾರ ರಜೆಯಾಯಿತು. ಮರುವರ್ಷವೇ ಬ್ರೈಟನ್ ಕಡಲತೀರದಲ್ಲಿ ದೊಡ್ಡ ಅಕ್ವೇರಿಯಂ ತೆರೆಯಿತು. ಎರಡೂ ಒಟ್ಟಿಗೆ ನಡೆದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕೇ ಎಂದು ಕೇಳಬಹುದು. ಬೇಕಿಲ್ಲ. ಆದರೆ ಬ್ರೈಟನ್ನಿನ ಹೂಡಿಕೆದಾರರು ಯಾರನ್ನು ಕರೆದು ಕಟ್ಟಿಸಿದರು ನೋಡಿ: ಯೂಜೀನಿಯಸ್ ಬರ್ಚ್. ಅವನು ಜೀವವಿಜ್ಞಾನಿಯಲ್ಲ, ಪ್ರವಾಸಿಗರು ಅಡ್ಡಾಡಲೆಂದು ಕಡಲೊಳಕ್ಕೆ ಚಾಚಿದ ಪಿಯರ್‌ಗಳನ್ನು ಕಟ್ಟುವುದರಲ್ಲಿ ಹೆಸರಾದ ಎಂಜಿನಿಯರ್. ಅದೇ ಊರಿನ ವೆಸ್ಟ್ ಪಿಯರ್ ಅವನದೇ. ಲಂಡನ್ನಿನಿಂದ ರೈಲು 1841ರಿಂದಲೇ ಇತ್ತು. ಇಳಿದವರು ನೇರ ಕಡಲ ದಂಡೆಗೆ ಬರುತ್ತಿದ್ದರು, ಅಕ್ವೇರಿಯಂ ಅಲ್ಲೇ ಕಾದಿತ್ತು.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ನ್ಯಾಯಾಲಯದ ದಾಖಲೆಯಲ್ಲಿದೆ. ಹಣ ತೆಗೆದುಕೊಂಡು ಭಾನುವಾರ ಮನರಂಜನೆ ಒದಗಿಸುವುದನ್ನು 1780ರ ಒಂದು ಕಾಯ್ದೆ ನಿಷೇಧಿಸಿತ್ತು. ದಂಡ ಒಂದೊಂದು ಭಾನುವಾರಕ್ಕೂ 200 ಪೌಂಡ್. ಬ್ರೈಟನ್ ಅಕ್ವೇರಿಯಂ ಭಾನುವಾರವೂ ಟಿಕೆಟ್ ಹರಿಯುತ್ತಿದೆಯೆಂದು ಅದರ ಮೇಲೆ ದಾವೆ ಬಿತ್ತು, 1875ರಲ್ಲಿ ಕಂಪನಿ ಸೋತಿತು. ಸಂಸತ್ತು ಅದೇ ವರ್ಷ, ಇಂಥ ದಂಡವನ್ನು ಮನ್ನಾ ಮಾಡುವ ಅಧಿಕಾರವನ್ನು ರಾಣಿಯ ಸರ್ಕಾರಕ್ಕೆ ಕೊಡುವ ಕಾಯ್ದೆ ತಂದಿತು. ಮೂಲ ನಿಷೇಧ ಮಾತ್ರ ಹಾಗೇ ಉಳಿಯಿತು. 1932ರಲ್ಲಿ ಬಂದ ಭಾನುವಾರದ ಮನರಂಜನೆಗಳ ಕಾಯ್ದೆ ವಸ್ತುಸಂಗ್ರಹಾಲಯ, ಮೃಗಾಲಯಗಳ ಜೊತೆ ಅಕ್ವೇರಿಯಂ ಎಂದು ಹೆಸರಿಸಿಯೇ ಬಿಡುಗಡೆ ಕೊಟ್ಟಿತು. ಮೀನು ನೋಡಲು ಮಕ್ಕಳನ್ನು ಯಾವ ದಿನ ಕರೆದೊಯ್ಯಬಹುದು ಎಂಬ ಪ್ರಶ್ನೆ ಐವತ್ತೇಳು ವರ್ಷ ಕಾನೂನಿನ ಪ್ರಶ್ನೆಯಾಗಿತ್ತು! ಬರೀ ಪ್ರಯೋಗಾಲಯವಾಗಿದ್ದರೆ ಅದರ ಭಾನುವಾರದ ಬಗ್ಗೆ ಯಾರು ಕೋರ್ಟಿಗೆ ಹೋಗುತ್ತಿದ್ದರು?

ಇಲ್ಲಿ ಒಂದು ತಕರಾರು ಬರುತ್ತದೆ. ನೇಪಲ್ಸ್ ಇಲ್ಲವೇ? ಆಂಟನ್ ಡೋರ್ನ್ ಎಂಬ ಜರ್ಮನ್ ಪ್ರಾಣಿವಿಜ್ಞಾನಿ ಅಲ್ಲಿ ಕಟ್ಟಿದ ಕಡಲ ಸಂಶೋಧನಾ ಕೇಂದ್ರ ಜಗದ್ವಿಖ್ಯಾತ. ಅದರ ಅಕ್ವೇರಿಯಂ 1874ರಲ್ಲಿ ತೆರೆಯಿತು. ಅಲ್ಲಾದರೂ ವಿಜ್ಞಾನವೇ ಯಜಮಾನನಲ್ಲವೇ? ಉದ್ದೇಶದಲ್ಲಿ ಹೌದು, ಲೆಕ್ಕಪುಸ್ತಕದಲ್ಲಿ ಅಲ್ಲ. ಬರ್ಲಿನ್ನಿನ ಅಕ್ವೇರಿಯಂಗೆ ಜನ ಮುಗಿಬೀಳುತ್ತಿದ್ದುದನ್ನು ಕಂಡ ಡೋರ್ನ್, ಕೆಳಗಡೆ ಜನರಿಗೆ ಮೀನು ತೋರಿಸಿ ಬಂದ ದುಡ್ಡಿನಲ್ಲಿ ಮೇಲ್ಮಹಡಿಯ ಸಂಶೋಧನೆ ನಡೆಸುವ ಲೆಕ್ಕ ಹಾಕಿದ. ನಗರದವರು ವಾಯುವಿಹಾರ ಮಾಡುವ ಸಮುದ್ರದಂಚಿನ ಉದ್ಯಾನದಲ್ಲೇ ಜಾಗ ಪಡೆದ. ಆದಾಯ ಸಾಕಾಗಲಿಲ್ಲ. ಆಗ ಅವನು ಪ್ರಯೋಗಾಲಯದ ಮೇಜುಗಳನ್ನೇ ಬೇರೆ ಬೇರೆ ದೇಶದ ಸರ್ಕಾರಗಳಿಗೂ ವಿಶ್ವವಿದ್ಯಾಲಯಗಳಿಗೂ ವರ್ಷದ ಬಾಡಿಗೆಗೆ ಕೊಟ್ಟು ಸಂಸ್ಥೆಯನ್ನು ಉಳಿಸಿದ. ಟಿಕೆಟ್ ಕೈಕೊಟ್ಟಾಗ ಬೇರೆ ದಾರಿ ಹುಡುಕಬೇಕಾಯಿತು ಎಂಬುದೇ, ಮೊದಲ ದಾರಿ ಯಾವುದಾಗಿತ್ತು ಎಂಬುದಕ್ಕೆ ಪುರಾವೆ.

ಇನ್ನೊಂದು ತಕರಾರು ಇದಕ್ಕೆ ತದ್ವಿರುದ್ಧ: ಜನರನ್ನು ನಂಬಿದ್ದರಿಂದಲೇ ಅಕ್ವೇರಿಯಂ ಕೆಟ್ಟು ಜಾತ್ರೆಯಾಯಿತು. 1876ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ತೆರೆದ ರಾಯಲ್ ಅಕ್ವೇರಿಯಂ ಹೀಗೆನ್ನುವವರ ನೆಚ್ಚಿನ ಉದಾಹರಣೆ. ಅಲ್ಲಿನ ತೊಟ್ಟಿಗಳಿಗೆ ಸರಿಯಾಗಿ ಮೀನೇ ಬರಲಿಲ್ಲ. 1877ರಲ್ಲಿ ಜಾಜೆಲ್ ಎಂಬ ಹುಡುಗಿಯನ್ನು ಫಿರಂಗಿಯಿಂದ ಹಾರಿಸುವ ಆಟ ಊರಿಗೆ ಊರನ್ನೇ ಸೆಳೆಯಿತು. 1903ರಲ್ಲಿ ಕಟ್ಟಡವನ್ನು ಕೆಡವಿದರು. ಆದರೆ ಇದು ಮೀನು ತೋರಿಸಿ ಕೆಟ್ಟ ಕಥೆಯಲ್ಲ, ಮೀನಿಲ್ಲದೆ ಕೆಟ್ಟದ್ದು. ಬ್ರೈಟನ್ನಿನಲ್ಲೂ ವಾದ್ಯಗೋಷ್ಠಿ ಇತ್ತು, ಆದರೂ ಜನ ಮುತ್ತಿದ್ದು ಆಕ್ಟೋಪಸ್ ನೋಡಲು. ಅಲ್ಲಿನ ಪ್ರಾಣಿತಜ್ಞ ಹೆನ್ರಿ ಲೀ 1875ರಲ್ಲಿ ಆ ಪ್ರಾಣಿಯ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದ. ಬ್ಯಾಂಡಿನ ಸದ್ದು ಮಕ್ಕಳನ್ನು ಒಳಗೆ ಎಳೆದರೂ ಗಾಜಿನ ಮುಂದೆ ಹಿಡಿದು ನಿಲ್ಲಿಸುವುದು ಜೀವಂತ ಪ್ರಾಣಿಯೇ.

ನಮ್ಮಲ್ಲಿ ಕಂಪನಿಗಳಿರಲಿಲ್ಲ, ಸರ್ಕಾರ ಕಟ್ಟಿತು. ಆದರೂ ಜಾಗದ ಲೆಕ್ಕ ಬದಲಾಗಲಿಲ್ಲ. ಮದ್ರಾಸ್ ಸರ್ಕಾರಿ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಮುತುವರ್ಜಿಯಿಂದ ರೂಪುಗೊಂಡು 1909ರಲ್ಲಿ ತೆರೆದ ಭಾರತದ ಮೊದಲ ಅಕ್ವೇರಿಯಂ ನಿಂತದ್ದು ಸಂಜೆ ಹೊತ್ತು ಊರೆಲ್ಲ ಗಾಳಿಗೆ ಬರುವ ಮರೀನಾದಲ್ಲಿ. ಅದನ್ನು ಮೀನುಗಾರಿಕೆ ಇಲಾಖೆಗೆ ಒಪ್ಪಿಸಿದ್ದು ಹತ್ತು ವರ್ಷದ ಮೇಲೆ, 1919ರಲ್ಲಿ. ಮುಂಬಯಿಯಲ್ಲಿ 1951ರಲ್ಲಿ, ಪಾರ್ಸಿ ದಾನಿಯೊಬ್ಬರ ನೆರವು ಪಡೆದು ಎದ್ದ ತಾರಾಪೋರವಾಲಾ ಅಕ್ವೇರಿಯಂ ನಿಂತದ್ದು ಮರೀನ್ ಡ್ರೈವ್‌ನಲ್ಲಿ. ಚರ್ನಿ ರೋಡ್ ಸ್ಟೇಷನ್ನಿಗೆ ಹತ್ತಿರ, ಚೌಪಾಟಿಗೂ ಹತ್ತಿರ. ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ 1983ರಲ್ಲಿ ಮತ್ಸ್ಯಾಲಯ ಬಂದದ್ದು ಕಬ್ಬನ್ ಪಾರ್ಕಿಗೆ: ಬಾಲಭವನ, ಪುಟಾಣಿ ರೈಲು, ಕಸ್ತೂರ್ಬಾ ರಸ್ತೆಯ ಮ್ಯೂಸಿಯಂಗಳು ಎಲ್ಲ ನಡೆದುಹೋಗುವಷ್ಟು ಆಚೀಚೆ. ಮಕ್ಕಳು ಬೇಸತ್ತರೆ ಮುಂದೇನು ಎಂಬ ಪ್ರಶ್ನೆಗೆ ನಗರದ ನಕ್ಷೆಯೇ ಉತ್ತರ ಕೊಟ್ಟಿದೆ.

ಇಷ್ಟೆಲ್ಲ ಗೊಡವೆ ಏಕೆ, ಮಕ್ಕಳನ್ನು ನೇರ ಸಮುದ್ರಕ್ಕೇ ಕರೆದೊಯ್ದರೆ ಸಾಲದೇ ಎನ್ನುವವರಿಗೂ ಚರಿತ್ರೆ ಉತ್ತರ ಕೊಡುತ್ತದೆ. 1853-54ರಲ್ಲಿ ಫಿಲಿಪ್ ಹೆನ್ರಿ ಗೋಸ್ ಡೆವನ್ ಕರಾವಳಿಯ ಬಂಡೆಗುಂಡಿಗಳ ಬಗ್ಗೆ, ಮನೆಯಲ್ಲಿ ಕಡಲಜೀವಿಗಳನ್ನು ಸಾಕುವುದರ ಬಗ್ಗೆ ಪುಸ್ತಕ ಬರೆದ. ಓದಿದ ಸಂಸಾರಗಳು ಬುಟ್ಟಿ ಹಿಡಿದು ದಂಡೆಗೆ ಧಾವಿಸಿದವು. ಬಾಲ್ಯದಲ್ಲಿ ತಂದೆಯ ಜೊತೆ ಆ ಗುಂಡಿಗಳಲ್ಲಿ ಬಗ್ಗಿ ನೋಡಿದ್ದ ಮಗ ಎಡ್ಮಂಡ್ ಗೋಸ್ 1907ರಲ್ಲಿ, ಅವೆಲ್ಲ ಸಂಗ್ರಾಹಕರ ಕೈಗೆ ಸಿಕ್ಕು ಬರಿದಾದವೆಂದು ಬರೆದ. ಸಾವಿರ ಮನೆಗಳು ಸಾವಿರ ತೊಟ್ಟಿ ಇಡುವುದಕ್ಕಿಂತ ಊರಿಗೊಂದು ತೊಟ್ಟಿ ಸಮುದ್ರಕ್ಕೆ ಹಗುರ. ಹಾಗೆಂದು ತೊಟ್ಟಿಯೊಳಗಿನ ಪ್ರಾಣಿಯ ಕಷ್ಟ ಇಲ್ಲವಾಗುವುದಿಲ್ಲ, ಆ ಆಕ್ಷೇಪಕ್ಕೆ ನನ್ನ ವಾದದಲ್ಲಿ ಪೂರ್ತಿ ಉತ್ತರವೂ ಇಲ್ಲ. 1938ರಲ್ಲಿ ಫ್ಲಾರಿಡಾದ ಮರೀನ್‌ಲ್ಯಾಂಡ್ ಡಾಲ್ಫಿನ್‌ಗಳನ್ನು ಪ್ರದರ್ಶನದ ಕೊಳಕ್ಕೆ ತಂದಿತು. ಅಂಥ ಡಾಲ್ಫಿನ್ ಪ್ರದರ್ಶನಗಳಿಗೆ ಅನುಮತಿ ಕೊಡಬಾರದೆಂದು ಭಾರತ ಸರ್ಕಾರ 2013ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ಸುತ್ತೋಲೆ ಕಳಿಸಿದಾಗ, ಟಿಕೆಟ್ ಕೊಳ್ಳುವ ಸಂಸಾರದ ಬೇಡಿಕೆಗೂ ಒಂದು ಗಡಿ ಬಿತ್ತು. ಮೀನುಗಳಿಗೆ ಆ ಗಡಿಯನ್ನು ಇನ್ನೂ ಯಾರೂ ಎಳೆದಿಲ್ಲ.